ಕಿವಿ ಡಾಕ್ಟ್ರ ಜಾಡಿ

ಹುಣಸೂರಿನ ನಮ್ಮ ಮನೆಗೆ ಯಾರೇ ಬರಲಿ, ಕಾಫಿ ಲೋಟ ಕೈಗೆ ಬರುವ ಮೊದಲೇ ಅವರ ಕಣ್ಣು ಹಜಾರದ ಗೂಡಿನಲ್ಲಿರುವ ಗಾಜಿನ ಜಾಡಿಯ ಮೇಲೆ ಹೋಗಿ ಕೂರುತ್ತದೆ. ಒಂದು ಕಾಲಕ್ಕೆ ಅದರಲ್ಲಿ ನಿಂಬೆಕಾಯಿ ಉಪ್ಪಿನಕಾಯಿ ಇತ್ತು. ಈಗ ಬೆಣ್ಣೆಕಾಗದದ ಪುಟಾಣಿ ಪೊಟ್ಟಣಗಳಿವೆ, ಹೊರಗಿನಿಂದ ನೋಡಿದರೆ ಪೆಪ್ಪರಮೆಂಟಿನ ಹಾಗೆ ಕಾಣುತ್ತವೆ. ಮಕ್ಕಳನ್ನು ಕರೆದುಕೊಂಡು ಬಂದವರಿಗೆ ಮೊದಲೇ ಹೇಳಿಬಿಡುತ್ತೇನೆ, ಅದು ತಿನ್ನುವ ಪದಾರ್ಥವಲ್ಲ ಕಣ್ರೀ, ಅದರಲ್ಲಿರುವ ಒಂದೊಂದೂ ಯಾವುದೋ ಮಗುವಿನ ಮೂಗಿನಿಂದಲೋ ಕಿವಿಯಿಂದಲೋ ಹೊರಬಂದದ್ದು ಅಂತ. ಕೇಳಿದವರು ಲೋಟವನ್ನು ಮೆಲ್ಲಗೆ ಕೆಳಗಿಡುತ್ತಾರೆ. ನನಗೆ ಅದರಲ್ಲಿ ಒಂದು ಖುಷಿ ಇದೆ, ಸುಳ್ಳೇಕೆ ಹೇಳಲಿ.

ನಮ್ಮವರು ಕಿವಿ, ಮೂಗು, ಗಂಟಲಿನ ಡಾಕ್ಟರು. ಊರಿನವರು ಮೂಗನ್ನೂ ಗಂಟಲನ್ನೂ ಲೆಕ್ಕಕ್ಕೆ ಹಿಡಿಯದೆ 'ಕಿವಿ ಡಾಕ್ಟ್ರು' ಅಂತ ಕರೆದರು, ಅವರೂ ಹಾಗೇ ಕರೆಸಿಕೊಂಡರು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕಿನ ಯಾವ ಊರಿನಲ್ಲಿ ಶಿಬಿರ ಮಾಡಿ ಬಂದರೂ ಸಂಜೆ ಜೇಬಿನಿಂದ ಒಂದು ಪೊಟ್ಟಣ ತೆಗೆದು, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತಿದ್ದ ನನ್ನ ಮುಂದಿಟ್ಟು, "ಇದು ಯಾವ ಜಾತಿ, ಹೇಳಿ ಮೇಡಂ" ಅನ್ನುತ್ತಿದ್ದರು. ಹಾಗೆ ನಮ್ಮಿಬ್ಬರಲ್ಲಿ ಕೆಲಸ ಹಂಚಿಕೆಯಾಯಿತು. ಪೊಟ್ಟಣದ ಹೊರಗೆ ಬೀಜದ ಹೆಸರು ನಾನು ಬರೆಯುವುದು. ಒಳಗೊಂದು ಚೀಟಿಯಲ್ಲಿ ಊರು, ಕಿವಿಯೋ ಮೂಗೋ, ಎಡವೋ ಬಲವೋ ಅವರು ಬರೆಯುವುದು. ಮಿರ್ಲೆಯ ಭತ್ತ, ಬೆಟ್ಟದಪುರದ ಮುಸುಕಿನ ಜೋಳ, ಕೋಟೆ ಕಡೆಯ ಹಾಡಿಯಿಂದ ಕೆಂಪು ಗುಲಗಂಜಿ, ನಡುವೆ ಅಂಗಿಯ ಗುಂಡಿ, ಬಳಪದ ಚೂರು. ಒಂದು ಅಲಸಂದೆ ಕಾಳಂತೂ ಮೂಗಿನಲ್ಲೇ ಮೊಳಕೆ ಬಿಟ್ಟಿತ್ತು. ಮೊಳಕೆಗೆ ಬೇಕಾದದ್ದು ತೇವ, ಶಾಖ, ಗಾಳಿ ಎಂದು ಬೋರ್ಡಿನ ಮುಂದೆ ವರ್ಷಗಟ್ಟಲೆ ಕೂಗಿದ್ದ ನನಗೆ, ಈ ಮೂರೂ ಮಗುವಿನ ಮೂಗಿನಲ್ಲಿ ಧಾರಾಳವಾಗಿವೆ ಅನ್ನುವುದು ಅಂದೇ ಹೊಳೆದದ್ದು.

ಅವರ ಚೀಟಿಯ ಕೊನೆಯ ಸಾಲು ಯಾವಾಗಲೂ 'ಇಟ್ಟವರು' ಎಂದು ಶುರುವಾಗುತ್ತಿತ್ತು. 'ಇಟ್ಟವರು: ಅಣ್ಣ.' 'ಇಟ್ಟವರು: ತಾನೇ, ಆದರೆ ಬೆಕ್ಕು ಅನ್ನುತ್ತಾನೆ.' 'ಇಟ್ಟವರು: ಸೋದರಮಾವ, ತಮಾಷೆಗೆ, ಬೈದಿದ್ದೇನೆ.' ಅವರಿದ್ದಾಗ ಈ ಚೀಟಿಗಳನ್ನು ನಾನು ಬಿಚ್ಚಿ ನೋಡಿದವಳೇ ಅಲ್ಲ, ರೋಗಿಗಳ ವಿಷಯ ನನಗೇಕೆ ಎಂದು ಸುಮ್ಮನಿದ್ದೆ. ಅವರು ಹೋದ ಮೇಲೆ ಜಾಡಿ ಒರೆಸುವ ದಿನಕ್ಕೆ ಒಂದೊಂದರಂತೆ ಓದುತ್ತಿದ್ದೇನೆ. ಎಲ್ಲವನ್ನೂ ಒಂದೇ ಸಲ ಓದಿ ಮುಗಿಸಿದರೆ ಆ ಮನುಷ್ಯ ನಿಜವಾಗಿಯೂ ಮುಗಿದುಹೋಗುತ್ತಾನೇನೋ ಅನ್ನುವ ಭಯ ನನಗೆ. ಹಾಗಾಗಿ ಜಾಡಿಗೆ ದೂಳು ಕೂರುವುದನ್ನು ಕಾಯುವ ಏಕೈಕ ಗೃಹಿಣಿ ನಾನೇ ಇರಬೇಕು.

ಈಗ ಪ್ರಶಸ್ತಿಯ ವಿಷಯಕ್ಕೆ ಬರುತ್ತೇನೆ, ಹೇಳಲು ಹೊರಟದ್ದೇ ಅದನ್ನು. ನಮ್ಮವರ ಕೈಕೆಳಗೆ ಕಲಿತ ಡಾಕ್ಟರುಗಳು ಅವರ ನೆನಪಿಗೆ ಏನಾದರೂ ಮಾಡಬೇಕೆಂದು ಮನೆಗೆ ಬಂದಾಗ, ಪುತ್ಥಳಿ ಗಿತ್ಥಳಿ ಬೇಡ, ಈ ವಿದ್ಯೆಯನ್ನು ಇನ್ನೂ ಕಲಿಯುತ್ತಿರುವ ಹುಡುಗ ಹುಡುಗಿಯರಿಗೆ ಒಂದು ಸಂಶೋಧನಾ ಪ್ರಶಸ್ತಿ ಇಡಿ ಎಂದೆ. ಎರಡು ಷರತ್ತನ್ನೂ ಹಾಕಿದೆ. ಸಂಶೋಧನೆ ಈ ನಾಲ್ಕು ತಾಲ್ಲೂಕಿನಲ್ಲೇ ನಡೆಯಬೇಕು; ಮತ್ತು ಬಹುಮಾನ ಯಾರಿಗೆ ಎಂದು ನಾವು ತೀರ್ಮಾನಿಸುವ ಮೊದಲು, ಯಾವ ಊರಿನವರ ಕಿವಿ ಮೂಗು ನೋಡಿ ಬರೆದರೋ ಆ ಊರಿನವರ ಮುಂದೆಯೇ ಅದನ್ನು ಅವರಿಗೆ ತಿಳಿಯುವ ಕನ್ನಡದಲ್ಲಿ ಓದಬೇಕು, ಅವರು ಕೇಳಿದ್ದಕ್ಕೆ ಉತ್ತರ ಕೊಡಬೇಕು. ಡಾಕ್ಟರುಗಳ ಮುಖ ಸಣ್ಣದಾಯಿತು. ಅವರು ಮನಸ್ಸಿನಲ್ಲಿ ಮೈಸೂರಿನ ಒಂದು ಎ.ಸಿ. ಹಾಲ್, ಹೂವಿನ ಬೊಕೆ ಎಲ್ಲ ಇಟ್ಟುಕೊಂಡು ಬಂದಿದ್ದರು.

ಮೊದಲ ವರ್ಷ ಮಿರ್ಲೆಯಲ್ಲಿ ಒಬ್ಬ ಹುಡುಗ ನಶ್ಯ ಮತ್ತು ಮೂಗಿನ ಬಗ್ಗೆ ಬರೆದದ್ದನ್ನು ಬೆವರು ಒರೆಸಿಕೊಳ್ಳುತ್ತಾ ಓದಿ ಮುಗಿಸಿದಾಗ, ಮುಂದೆ ಕೂತಿದ್ದ ಯಜಮಾನರೊಬ್ಬರು ಎದ್ದು ನಿಂತು, ತನ್ನ ಮೂಗು ಆ ಪುಸ್ತಕದಲ್ಲಿ ಎಷ್ಟನೇ ಪುಟದಲ್ಲಿದೆ ಎಂದು ಕೇಳಿದರು. ಹುಡುಗ ಹುಡುಕಿ ತೋರಿಸಿದ. ಅವರು ಆ ಕೋಷ್ಟಕವನ್ನು ಬೆರಳಿಟ್ಟು ನೋಡಿ, ಪಕ್ಕದವರಿಗೂ ತೋರಿಸಿ, ಒಂದು ಚಿಟಿಕೆ ನಶ್ಯ ಏರಿಸಿ ಕೂತರು. ನಾವೆಲ್ಲ ನಕ್ಕೆವು ನಿಜ, ಆದರೆ ಆಮೇಲೆ ನನಗನ್ನಿಸಿತು, ಅವರು ಕೇಳಿದ್ದರಲ್ಲಿ ತಪ್ಪೇನಿದೆ? ಹಳ್ಳಿಯ ಮೈಯಿಂದ ಹೊರಟ ತಿಳಿವಳಿಕೆ ದೊಡ್ಡ ಊರಿನ ಪತ್ರಿಕೆಗಳಿಗೆ ಹೋಗಿ ಸೇರುತ್ತದೆ, ಮೈ ಕೊಟ್ಟವರ ಹೊಸಿಲಿಗೆ ಅದು ತಿರುಗಿ ಬಂದದ್ದನ್ನು ನೋಡಿದವರು ಕಡಿಮೆ. ನಮ್ಮ ಪ್ರಶಸ್ತಿಯಲ್ಲಿ ಅದಕ್ಕೊಂದು ವಾಪಸ್ ಟಿಕೆಟ್ಟು ಇದೆ ಎಂದು ನಾನು ಜಂಬಪಟ್ಟುಕೊಂಡೆ. ಆ ಟಿಕೆಟ್ಟಿನ ಮೇಲೆ ಬಂದು ಇಳಿಯುವುದು ಏನು ಬೇಕಾದರೂ ಇರಬಹುದು ಎಂದು ಆಗ ಯೋಚಿಸಿರಲಿಲ್ಲ.

ಈ ವರ್ಷ ಬಂದದ್ದು ಪವಿತ್ರಳ ಸಂಶೋಧನೆ. ಕೆ.ಆರ್. ನಗರದ ಕಡೆಯ ಹುಡುಗಿ, ಮೈಸೂರಿನಲ್ಲಿ ಕಿವಿ ಮೂಗು ಗಂಟಲಿನ ಶಸ್ತ್ರಚಿಕಿತ್ಸೆ ಕಲಿಯುತ್ತಿದ್ದಾಳೆ. ಸೋರುವ ಕಿವಿಯ ಮಕ್ಕಳನ್ನು ಆಸ್ಪತ್ರೆಗೆ ಏಕೆ ಇಷ್ಟು ತಡವಾಗಿ ಕರೆತರುತ್ತಾರೆ ಎಂಬುದು ಅವಳ ಪ್ರಶ್ನೆ. ಅದಕ್ಕಾಗಿ ಪಿರಿಯಾಪಟ್ಟಣ ತಾಲ್ಲೂಕಿನ ಹಳ್ಳಿಗಳಲ್ಲಿ ಮನೆ ಮನೆ ತಿರುಗಿದ್ದಳು. ಅವಳಿಗೆ ಸಿಕ್ಕಿದ ಉತ್ತರ ಓದುತ್ತಿದ್ದಂತೆ ನನ್ನ ಮೈ ಬಿಸಿಯಾಯಿತು. ಕಿವಿ ಸೋರಿದರೆ ಜನ ಎಣ್ಣೆ ಬಿಡುತ್ತಾರೆ, ಎಣ್ಣೆ ಬಿಟ್ಟು ತಿಂಗಳುಗಟ್ಟಲೆ ಕಾಯುತ್ತಾರೆ, ಅಷ್ಟರಲ್ಲಿ ಕಿವಿಯ ತಮಟೆಯ ತೂತು ದೊಡ್ಡದಾಗುತ್ತದೆ. ಏಕೆ ಎಣ್ಣೆ ಬಿಟ್ಟಿರಿ ಅಂದರೆ ಒಬ್ಬರಾದ ಮೇಲೆ ಒಬ್ಬರು ಹೇಳಿದ್ದು ಒಂದೇ ಮಾತು: ಕಿವಿ ಡಾಕ್ಟ್ರು ಹೇಳಿದ್ದಾರೆ.

ಎಣ್ಣೆ ಬಿಡಿ ಎಂದು ನಮ್ಮವರು ಹೇಳಿದ್ದು ನಿಜ. ಹುಳು ಹೊಕ್ಕ ಕಿವಿಗೆ ಕಡ್ಡಿ, ಪಿನ್ನು ಹಾಕಿ ಕೆದಕುವುದನ್ನು ತಪ್ಪಿಸಲು ನಮ್ಮವರು ಒಂದು ಚೀಟಿ ಅಚ್ಚು ಹಾಕಿಸಿ ಅಂಗನವಾಡಿ, ಹಾಲಿನ ಡೈರಿ, ಸೊಸೈಟಿ ಗೋಡೆಗಳಿಗೆಲ್ಲ ಅಂಟಿಸಿದ್ದರು, ಶಿಬಿರಕ್ಕೆ ಬಂದವರ ಕೈಗೂ ಕೊಟ್ಟಿದ್ದರು. 'ಕಿವಿಯೊಳಗೆ ಹುಳು ಹೋಯಿತೆ? ಗಾಬರಿ ಬೇಡ. ಎರಡು ಹನಿ ಕೊಬ್ಬರಿ ಎಣ್ಣೆ ಬಿಡಿ, ಆಸ್ಪತ್ರೆಗೆ ಬನ್ನಿ.' ಅವರು ಬರೆದ ಮೊದಲ ಪ್ರತಿಯಲ್ಲಿ ಇನ್ನೊಂದು ಸಾಲಿತ್ತು, ಕಿವಿ ಸೋರುತ್ತಿದ್ದರೆ ಎಣ್ಣೆ ಮಾತ್ರ ಬಿಡಬೇಡಿ ಅಂತ. ಅಚ್ಚಿನ ಮನೆಯವರು ಅಕ್ಷರ ದಪ್ಪ ಬೇಕಾದರೆ ಜಾಗ ಸಾಲದು ಎಂದಾಗ, ಚೀಟಿ ಚೊಕ್ಕಟವಾಗಿರಲಿ ಎಂದು ಆ ಸಾಲಿನ ಮೇಲೆ ಗೆರೆ ಎಳೆದವಳು ನಾನು. ಅವರು ಒಂದು ಕ್ಷಣ ನೋಡಿ, "ನೀನು ಹೇಳಿದ ಮೇಲೆ ಸರಿಯೇ ಇರುತ್ತೆ" ಎಂದಿದ್ದರು. ಹುಳುವಿಗೆ ಹೇಳಿದ ಔಷಧಿ ಹೀಗೆ ಬಾಯಿಂದ ಬಾಯಿಗೆ ಹೋಗಿ, ಸೋರುವ ಕಿವಿಗೆ, ನೋಯುವ ಕಿವಿಗೆ, ಏನೂ ಆಗದ ಕಿವಿಗೂ ಔಷಧಿಯಾಗಿ ಕೂತಿತ್ತು.

ಅಪರಾಧ ನನ್ನದಾದರೂ ಸಿಟ್ಟು ಬಂದದ್ದು ಆ ಹುಡುಗಿಯ ಮೇಲೆ. ಸತ್ತವರ ಹೆಸರಿನ ಬಹುಮಾನಕ್ಕೆ ಸತ್ತವರ ಮೇಲೇ ದೂರು ಹಿಡಿದುಕೊಂಡು ಬರುವುದೆಂದರೆ ಎಂಥ ಧೈರ್ಯ ಅಂತ ಹಜಾರದಲ್ಲಿ ಒಬ್ಬಳೇ ಓಡಾಡಿಕೊಂಡು ಗೊಣಗಿದೆ. ಪ್ರಶಸ್ತಿ ಸಮಿತಿಯಲ್ಲಿ ನನ್ನ ಜೊತೆಗಿರುವ ಡಾಕ್ಟರ್ ಮಂಜುನಾಥ್, ನಮ್ಮವರ ಶಿಷ್ಯ, ಅವರನ್ನು ದೇವರ ಹಾಗೆ ಕಾಣುವವರು, ಫೋನ್ ಮಾಡಿ, ಇನ್ನೊಂದು ಪ್ರಬಂಧವೂ ಚೆನ್ನಾಗಿದೆ, ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳಲ್ಲಿ ದುಡಿಯುವವರ ವಾಸನೆ ಶಕ್ತಿಯ ಬಗ್ಗೆ, ಈ ವರ್ಷ ಅದಕ್ಕೇ ಕೊಟ್ಟುಬಿಡೋಣ ಎಂದರು. ಆಗಲಿ ಬಿಡಿ ಎಂದುಬಿಟ್ಟೆ. ಆದರೆ ಷರತ್ತು ಷರತ್ತೇ ತಾನೆ? ತೀರ್ಮಾನಕ್ಕೆ ಮೊದಲು ಪವಿತ್ರ ಊರಿನ ಮುಂದೆ ಓದಲೇಬೇಕಿತ್ತು, ಷರತ್ತು ಹಾಕಿದ ನಾನು ಅಲ್ಲಿರಲೇಬೇಕಿತ್ತು.

ಬೆಟ್ಟದಪುರದ ಹಾಲಿನ ಡೈರಿಯಲ್ಲಿ, ಬೆಳಗಿನ ಹಾಲು ಹಾಕಿ ಮುಗಿದ ಹೊತ್ತಿಗೆ, ಖಾಲಿ ಕ್ಯಾನುಗಳನ್ನು ಗೋಡೆಗೆ ಸರಿಸಿ ಜಮಖಾನ ಹಾಸಿದ್ದರು. ಪವಿತ್ರ ಸಣ್ಣ ದನಿಯಲ್ಲಿ, ಆದರೆ ಒಂದು ಮಾತೂ ಬಿಡದೆ ಓದಿದಳು. ಅವಳು ಮುಗಿಸುವ ಮೊದಲೇ ಜಮಖಾನದ ಮೇಲಿದ್ದ ಒಬ್ಬ ಮುದುಕಿ, ದ್ಯಾವಮ್ಮ, ಎದ್ದು ನಿಂತಳು. ದ್ಯಾವಮ್ಮನ ಕಂಕುಳಿಗೆ ಒರಗಿಕೊಂಡು ಮೊಮ್ಮಗಳು ಇಂಚರ ನಿಂತಿದ್ದಳು, ಆರೇಳು ವರ್ಷದ ಕೂಸು, ಎಡಗಿವಿಯಲ್ಲಿ ಹತ್ತಿ, ಕುತ್ತಿಗೆಯ ತನಕ ಎಣ್ಣೆಯ ಪಸೆ. ಹೆಸರು ಇಂಚರ, ಆದರೆ ಶಾಲೆಯಲ್ಲಿ ಮೇಷ್ಟ್ರು ಕೂಗಿದ್ದು ಅವಳಿಗೆ ಅರ್ಧ ಮಾತ್ರ ಕೇಳುತ್ತಿತ್ತಂತೆ. ಈ ಮಗುವನ್ನು ಮೈಸೂರಿಗೆ ಕರೆತನ್ನಿ, ತಮಟೆಗೆ ತೇಪೆ ಹಾಕಬಹುದು, ಇನ್ನೂ ತಡಮಾಡಿದರೆ ಕಷ್ಟ ಎಂದು ಪವಿತ್ರ ಮೂರು ಸಲ ಅವರ ಮನೆಗೆ ಹೋಗಿ ಹೇಳಿ ಬಂದಿದ್ದಳು.

"ನೀನು ಮೊನ್ನೆ ಮೊನ್ನೆ ಉಟ್ಟಿರೋಳು ಕಣವ್ವ," ಅಂದಳು ದ್ಯಾವಮ್ಮ. "ಎಣ್ಣೆ ಬುಡಿ ಅಂತ ನಮ್ಮ ಕಿವಿ ಡಾಕ್ಟ್ರು ಏಳವ್ರೆ. ಅವರಿಗಿಂತ ನೀನು ದೊಡ್ಡೋಳಾ?"

ಸುತ್ತ ಕೂತವರು ತಲೆಯಾಡಿಸಿದರು. ಪವಿತ್ರ ಹಿಂದೆ ಸರಿಯಲಿಲ್ಲ.

"ದೊಡ್ಡೋಳಲ್ಲ ಅಜ್ಜಿ. ನನಗೆ ಪ್ರಶಸ್ತಿ ಬರದೇ ಇದ್ರೂ ಪರವಾಗಿಲ್ಲ, ಮಗೂಗೆ ಎಣ್ಣೆ ನಿಲ್ಲಿಸಿ, ಅಷ್ಟು ಸಾಕು."

ದ್ಯಾವಮ್ಮ ಅವಳನ್ನು ಬಿಟ್ಟು ನನ್ನ ಕಡೆ ತಿರುಗಿದಳು. ಡಾಕ್ಟ್ರು ಹೇಳಿದ್ದರೋ ಇಲ್ಲವೋ, ನೀವೇ ಹೇಳಿ ಅಮ್ಮಾವ್ರೇ ಎಂದಳು. ಡೈರಿಯ ಅಷ್ಟೂ ಕಣ್ಣು ನನ್ನ ಮೇಲೆ ಬಂತು. ನಾನು "ಹೇಳಿದ್ದರು" ಎಂದೆ. ಅಷ್ಟೇ ಹೇಳಿ ಸುಮ್ಮನಾದೆ. ಅಂದು ಎಣ್ಣೆ ಚೀಟಿಯ ಆ ಸಾಲನ್ನು ಹೊಡೆದುಹಾಕಿದ್ದ ನಾನು, ಇಂದು ಆ ಕೂಸಿನ ಎದುರಿಗೇ ಮತ್ತೊಮ್ಮೆ ಹೊಡೆದುಹಾಕಿದೆ. ದ್ಯಾವಮ್ಮ ಗೆದ್ದವಳಂತೆ ಮಗುವಿನ ಕೈ ಹಿಡಿದು ನಡೆದಳು, ಪವಿತ್ರ ಕಾಗದ ಮಡಿಸಿದಳು. ನನಗೆ ನಾಚಿಕೆಯಾಯಿತು, ಆದರೆ ನಾಚಿಕೆಯಾಯಿತು ಅಂತ ಒಪ್ಪಿಕೊಳ್ಳಲು ಹುಣಸೂರು ಬಸ್ಸು ಇಳಿಯುವವರೆಗೂ ಆಗಲಿಲ್ಲ.

ಓದುವ ಗೆಳೆಯರೇ, ಕಣ್ಣಿಗೆ ರೆಪ್ಪೆ ಇದೆ, ಬಾಯಿಗೆ ತುಟಿ ಇದೆ, ಕಿವಿಗೆ ಮಾತ್ರ ಬಾಗಿಲಿಲ್ಲ ಅನ್ನುವುದನ್ನು ನೀವೂ ಎಂದಾದರೂ ಯೋಚಿಸಿರಬಹುದು. ಬಾಗಿಲಿಲ್ಲದ ಮನೆಯಾದ್ದರಿಂದ ಕಾಳು, ಹುಳು, ಗುಂಡಿ ಏನು ಬೇಕಾದರೂ ಒಳಗೆ ಹೋಗುತ್ತದೆ. ಅವೆಲ್ಲಕ್ಕಿಂತ ಸಲೀಸಾಗಿ ಹೋಗುವುದು ಮಾತು. ಕಾಳಾದರೆ ಇಕ್ಕಳ ಹಾಕಿ ತೆಗೆಯಬಹುದು. ಅಕ್ಕರೆಯ ಮನುಷ್ಯ ಆಡಿಹೋದ ಮಾತು ಒಳಗೆ ಹೊಕ್ಕರೆ, ಅದೂ ಆ ಮನುಷ್ಯ ಬದುಕಿಲ್ಲದೆ ಹೋದರೆ, ಯಾರು ತಾನೆ ಅದಕ್ಕೆ ಕೈ ಹಾಕುತ್ತಾರೆ? ಜನ ಅವರನ್ನು ಅಷ್ಟು ನಂಬಿದ್ದರು ಅನ್ನುವುದೇ ನನಗೆ ಹೆಮ್ಮೆಯ ವಿಷಯವಾಗಿತ್ತು, ಈಗ ಅದೇ ನಂಬಿಕೆ ಇಂಚರಳ ಕಿವಿಯಲ್ಲಿ ಕೂತಿತ್ತು. ಅವಳಿಗೆ ಕಿವಿ ಉಳಿಯಬೇಕಾದರೆ ನಮ್ಮವರ ಮಾತು ಸೋಲಬೇಕು, ಆ ಮಾತನ್ನು ಸೋಲಿಸುವ ಹಕ್ಕು ಆ ಊರಿನಲ್ಲಿ ನನಗೊಬ್ಬಳಿಗೇ ಇದ್ದದ್ದು.

ಅಂದು ಮಧ್ಯಾಹ್ನ ಊಟ ರುಚಿಸದೆ ಜಾಡಿ ಒರೆಸಲು ಕೂತೆ, ದೂಳು ಇರಲಿಲ್ಲ, ಆದರೂ ಕೂತೆ. ಕೈಗೆ ಸಿಕ್ಕಿದ ಪೊಟ್ಟಣದ ಮೇಲೆ ನನ್ನದೇ ಅಕ್ಷರದಲ್ಲಿ 'ಹತ್ತಿ' ಎಂದಿತ್ತು. ಸರಗೂರಿನ ಶಿಬಿರದಿಂದ ತಂದದ್ದು. ಆ ಕಡೆ ಹತ್ತಿ ಬೆಳೆಯುತ್ತಾರೆ, ಹತ್ತಿ ಬಿಡಿಸುವ ಮನೆಯ ಮಗು ಒಂದು ಚೂರು ಮೂಗಿಗೆ ತುರುಕಿಕೊಂಡಿರಬೇಕು ಎಂದು ನಾನು ಹೆಚ್ಚು ಯೋಚಿಸದೆ ಬರೆದಿದ್ದೆ. ಒಳಗಿನ ಚೀಟಿ ಬಿಚ್ಚಿದೆ. 'ಸರಗೂರು. ಬಲ ಮೂಗು. ನಮ್ಮ ಆಸ್ಪತ್ರೆಯ ಹತ್ತಿ. ಇಟ್ಟವರು: ನಾನೇ. ಚಿಕಿತ್ಸೆ ಮಾಡಿ ತೆಗೆಯಲು ಮರೆತೆ. ಮಗು ಮೂರು ವಾರ ಒದ್ದಾಡಿತು. ಇವತ್ತು ಅದರ ತಾಯಿಗೆ ನಿಜ ಹೇಳಿದೆ. ಬೈದರು. ಆಮೇಲೆ ಅವರೆಕಾಯಿ ಕೊಟ್ಟರು.'

ಆ ಅವರೆಕಾಯಿ ನನಗೆ ನೆನಪಿದೆ. ಬಿದಿರಿನ ಬುಟ್ಟಿ ತುಂಬಾ ತಂದಿದ್ದರು, ಎಲ್ಲಿಯದು ಎಂದರೆ ಸರಗೂರಿನವರು ಬಹಳ ಒಳ್ಳೆಯವರು ಕಣೇ ಎಂದಷ್ಟೇ ಹೇಳಿದ್ದರು. ನಾನು ಬಿಡಿಸಿ ಹಿತಕಿ ಸಾರು ಮಾಡಿದ್ದೆ, ಅವರು ಎರಡು ಸಲ ಬಡಿಸಿಕೊಂಡಿದ್ದರು. ಎಲ್ಲ ಮಕ್ಕಳ ತಪ್ಪುಗಳ ನಡುವೆ ತನ್ನ ತಪ್ಪನ್ನೂ ಅದೇ ಅಳತೆಯ ಪೊಟ್ಟಣದಲ್ಲಿ ಕಟ್ಟಿ, ಬಂದವರಿಗೆಲ್ಲ ಕಾಣುವ ಹಾಗೆ ಹಜಾರದಲ್ಲಿ ಇಟ್ಟುಕೊಂಡು ಇಷ್ಟು ವರ್ಷ ಕಾಫಿ ಕುಡಿದ ಮನುಷ್ಯ ಅವರು. ನಾನು ಒಬ್ಬಳೇ ಕೂತು ನಕ್ಕೆ, ಆಮೇಲೆ ಅತ್ತೆ, ಆಮೇಲೆ ಊಟ ಮಾಡಿದೆ. ಇಂಥವರ ಹೆಸರು ಕಾಪಾಡಲು ನಾನೂ ಮಂಜುನಾಥರೂ ಎಷ್ಟು ಕಷ್ಟಪಡುತ್ತಿದ್ದೆವಲ್ಲ ಅನ್ನಿಸಿತು.

ಮರುವಾರ ಜಾಡಿಯನ್ನು ಮಡಿಲಲ್ಲಿಟ್ಟುಕೊಂಡು ಬೆಟ್ಟದಪುರಕ್ಕೆ ಬಸ್ಸು ಹತ್ತಿದೆ. ಪವಿತ್ರಳಿಗೂ ಮಂಜುನಾಥರಿಗೂ ಅಲ್ಲಿಗೇ ಬರಹೇಳಿದ್ದೆ. ಡೈರಿಯಲ್ಲಿ ಅದೇ ಜಮಖಾನ, ಅದೇ ಜನ. ಹತ್ತಿಯ ಚೀಟಿಯನ್ನು ಮೊದಲು ಓದಿದೆ. ಆಮೇಲೆ, ಎಣ್ಣೆಯ ಚೀಟಿಯಲ್ಲಿ ಇನ್ನೊಂದು ಸಾಲು ಇತ್ತು, ಸೋರುವ ಕಿವಿಗೆ ಎಣ್ಣೆ ಬಿಡಬೇಡಿ ಅಂತ ಡಾಕ್ಟ್ರು ಬರೆದಿದ್ದರು, ಅಂದಕ್ಕೋಸ್ಕರ ಅದನ್ನು ತೆಗೆಸಿದವಳು ನಾನು, ಹೋದ ವಾರ ನೀವು ಕೇಳಿದಾಗಲೂ ಅರ್ಧವೇ ಹೇಳಿದೆ, ಈ ಹುಡುಗಿ ಹೇಳಿದ್ದೇ ಸರಿ ಎಂದೆ. ಹೇಳಿದ ಮೇಲೆ ಮೈ ಹಗುರವಾಯಿತು.

ದ್ಯಾವಮ್ಮ ಎದ್ದು ಬಂದು ಪೊಟ್ಟಣವನ್ನು ಕೈಗೆ ತೆಗೆದುಕೊಂಡು, ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದಳು. ಇದನ್ನು ಮರೆತು ಬಿಟ್ಟದ್ದು ಡಾಕ್ಟ್ರೇನಾ ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಅವಳ ಮುಖ ಮೊದಲು ಬಿಗಿಯಾಯಿತು, ಆಮೇಲೆ ಸಡಿಲವಾಯಿತು.

"ಅಂಗಾರೆ ಅವರೂ ನಮ್ಮಂಗೇ ಅನ್ನಿ," ಅಂದಳು. "ನಾನೊಬ್ಬಳೇ ಮಗೂಗೆ ಅನ್ಯಾಯ ಮಾಡ್ಬುಟ್ನೇನೋ ಅಂತ ಎದೆ ಒಡೀತಿತ್ತು ಕಣವ್ವ."

ಅವಳ ಅಷ್ಟೂ ಜಗಳದ ಹಿಂದೆ ಇದ್ದದ್ದು ಈ ಭಯ ಎಂದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಪವಿತ್ರ ಹೇಳಿದ್ದು ನಿಜವಾದರೆ ಮೊಮ್ಮಗಳ ಕಿವಿ ಕೆಡಿಸಿದವಳು ತಾನೇ ಆಗುತ್ತೇನೆ ಅಂತ ಆ ಮುದುಕಿ ಎಣ್ಣೆಯನ್ನೂ ಡಾಕ್ಟ್ರನ್ನೂ ಒಟ್ಟಿಗೆ ಹಿಡಿದುಕೊಂಡಿದ್ದಳು. ಈಗ ತಪ್ಪು ಹಂಚಿಹೋಯಿತು, ಅವಳ ಪಾಲಿಗೆ ಬಂದದ್ದನ್ನು ಹೊರುವುದು ಅವಳಿಗೆ ಸಾಧ್ಯವಾಯಿತು. ಮನೆಗೆ ಹೋಗಿ ಅಡುಗೆ ಕೋಣೆಯ ಬಾಗಿಲಿಗೆ ಅಂಟಿಸಿದ್ದ ಎಣ್ಣೆ ಚೀಟಿಯನ್ನು ಹುಷಾರಾಗಿ ಬಿಡಿಸಿಕೊಂಡು ಬಂದು ನನ್ನ ಕೈಯಲ್ಲಿಟ್ಟಳು. ನನಗೆ ಓದಲು ಬರುವುದಿಲ್ಲ, ಡಾಕ್ಟ್ರು ಕೈಯಾರೆ ಕೊಟ್ಟದ್ದು ಅಂತ ಇಷ್ಟು ದಿನ ಇಟ್ಟುಕೊಂಡಿದ್ದೆ ಎಂದಳು. ಕಾಗದ ಹಬೆಗೂ ಹೊಗೆಗೂ ಕಂದಾಗಿತ್ತು, ನಾನು ದಪ್ಪ ಮಾಡಿಸಿದ್ದ ಅಕ್ಷರ ಮಾತ್ರ ಇನ್ನೂ ದಪ್ಪಗೇ ಇತ್ತು.

ಇಂಚರಳ ಕಿವಿಯ ಆಪರೇಷನ್ನನ್ನು ಮಂಜುನಾಥರೇ ಮಾಡಿದರು, ಪಕ್ಕದಲ್ಲಿ ನಿಂತು ಕೈ ಕೊಟ್ಟವಳು ಪವಿತ್ರ. ಆಪರೇಷನ್ ಆದ ಎರಡು ತಿಂಗಳಿಗೆ ದ್ಯಾವಮ್ಮ ಫೋನ್ ಮಾಡಿ ದೂರು ಹೇಳಿದಳು, ಈ ಮಗು ಈಗ ನನ್ನನ್ನು ಮೆಲ್ಲಗೆ ಮಾತಾಡು ಅಂತ ಗದರಿಸುತ್ತದೆ, ಇಷ್ಟು ವರ್ಷ ಕೂಗಿ ಕೂಗಿ ದೊಡ್ಡದಾದ ಗಂಟಲನ್ನು ಈಗ ಎಲ್ಲಿಡಲಿ ಅಂತ. ಹೊಸ ಚೀಟಿಯೂ ಅಚ್ಚಾಗಿದೆ. ಅದರ ಕರಡನ್ನು ಡೈರಿಯಲ್ಲಿ ಓದಿದಾಗ, 'ಬ್ಯಾಡ' ಅನ್ನೋದು ಮೊದಲು ಬರಲಿ, 'ಮಾಡಿ' ಅನ್ನೋದು ಆಮೇಲೆ ಎಂದು ಊರಿನವರೇ ತಿದ್ದಿದರು. ಕಾಲೇಜಿನಲ್ಲಿ ಸಾವಿರ ಉತ್ತರಪತ್ರಿಕೆ ತಿದ್ದಿದ ನಾನು ತೆಪ್ಪಗೆ ಒಪ್ಪಿಕೊಂಡೆ.

ಪ್ರಶಸ್ತಿ ಪವಿತ್ರಳಿಗೇ ಹೋಯಿತೆಂದು ಬೇರೆ ಹೇಳಬೇಕೆ? ಫಲಕ ಕೊಡುವಾಗ ಅವಳು ನನ್ನ ಕಾಲಿಗೆ ಬಗ್ಗಿದಳು, ನಾನು ಎತ್ತಿ ಅಪ್ಪಿಕೊಂಡೆ, ನಿನ್ನ ಮೇಲೆ ಒಂದು ವಾರ ಪೂರ್ತಿ ಸಿಟ್ಟಾಗಿದ್ದೆ ಕಣಮ್ಮ ಎಂದು ಕಿವಿಯಲ್ಲಿ ಹೇಳಿದೆ. ಗೊತ್ತಿತ್ತು ಮೇಡಂ ಎಂದು ನಕ್ಕಳು.

ಗೂಡಿನಲ್ಲಿ ಜಾಡಿ ಈಗಲೂ ಇದೆ, ಬಂದವರು ಈಗಲೂ ಲೋಟ ಕೆಳಗಿಡುತ್ತಾರೆ. ನಾನು ಓದದೆ ಉಳಿದಿರುವ ಪೊಟ್ಟಣಗಳು ಇನ್ನೂ ಬೇಕಾದಷ್ಟಿವೆ. ಹೊಸದು ಒಂದೇ ಒಂದು, ನಾನೇ ಕಟ್ಟಿ ಹಾಕಿದ್ದು. ಒಳಗೆ ದ್ಯಾವಮ್ಮ ಕೊಟ್ಟ ಎಣ್ಣೆ ಚೀಟಿ ನಾಲ್ಕು ಮಡಿಕೆಯಾಗಿ ಕೂತಿದೆ. ಅದರ ಜೊತೆಗೆ ನಮ್ಮವರ ಕ್ರಮದಲ್ಲೇ, ಒಂದು ಸಾಲನ್ನೂ ಬಿಡದೆ ಬರೆದಿಟ್ಟಿದ್ದೇನೆ: 'ಬೆಟ್ಟದಪುರ. ಊರಿನ ಎರಡೂ ಕಿವಿ. ಇಟ್ಟವರು: ನಾವಿಬ್ಬರೇ. ತೆಗೆದವಳು: ಪವಿತ್ರ.'